ಹಸಿ ಕೊಟ್ಟು ಒಣ ಪಡೆಯುವ ಲೆಕ್ಕ

ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟ ಯಜಮಾನ ಅಡಿಕೆ ಬೇಯಿಸುವ ಒಲೆಯ ಮುಂದೆ ಹೋಗಿ ಕೂರುವುದಿಲ್ಲ. ಬಸವಾಪಟ್ಟಣ ಹೋಬಳಿಯಲ್ಲಿ ಕೊಯ್ಲು ಶುರುವಾದರೆ ಊರ ಅಂಚಿನ ಕಣಗಳಲ್ಲಿ ಹೊಗೆ ಏಳುತ್ತದೆ, ಸುಲಿಯುವ ಯಂತ್ರಗಳು ರಾತ್ರಿವರೆಗೂ ಗುರುಗುಡುತ್ತವೆ, ರಸ್ತೆ ಪಕ್ಕದ ಬಯಲೆಲ್ಲ ಕೆಂಪಗಾಗುತ್ತದೆ. ಅಷ್ಟೆಲ್ಲ ನಡೆಯುವುದು ಖೇಣಿದಾರನ ಜಾಗದಲ್ಲಿ, ಅವನ ಹಂಡೆಯಲ್ಲಿ, ಅವನ ಚೊಗರಿನಲ್ಲಿ. ಯಜಮಾನನಿಗೆ ಗೊತ್ತಿರಬೇಕಾದದ್ದು ಎರಡೇ: ತಾನು ಎಷ್ಟು ಕ್ವಿಂಟಲ್ ಹಸಿ ಅಡಿಕೆ ತೂಗಿ ಕೊಟ್ಟೆ, ಕ್ವಿಂಟಲಿಗೆ ಎಷ್ಟು ಕಿಲೋ ಒಣ ಅಡಿಕೆ ಕೊಡುವ ಮಾತಾಗಿದೆ. ಇಡೀ ತೋಟದ ಫಸಲನ್ನು ಒಂದೇ ಮೊತ್ತಕ್ಕೆ ಕೊಡುವ ಖೇಣಿಯೂ ಉಂಟು. ಇಲ್ಲಿ ನಮಗೆ ಬೇಕಿರುವುದು ಹಸಿ ತೂಗಿ ಒಣ ಪಡೆಯುವ ಖೇಣಿ. ಏಕೆಂದರೆ ಪ್ರೋಗ್ರಾಮಿಂಗ್ ಕಲಿಯಲು ಕುಳಿತವರನ್ನು ಮೊದಲ ತಿಂಗಳಲ್ಲೇ ಕಾಡುವ 'ಫಂಕ್ಷನ್' ಎಂಬುದು ಇದೇ ಬಗೆಯ ಒಪ್ಪಂದ. ಒಳಗೆ ಏನು ಹೋಗಬೇಕು, ಹೊರಗೆ ಏನು ಬರಬೇಕು ಎಂಬುದು ನಿಗದಿ. ನಡುವಿನ ಒಲೆ, ಹಂಡೆಗಳ ಗೊಡವೆ ಕೊಟ್ಟವನಿಗೆ ಬೇಡ.

ಪಠ್ಯಪುಸ್ತಕಗಳು ಇದನ್ನು ಬೇರೆ ತುದಿಯಿಂದ ಶುರು ಮಾಡುತ್ತವೆ. ಬರೆದದ್ದನ್ನೇ ಮತ್ತೆ ಬರೆಯುವುದು ತಪ್ಪುತ್ತದೆ, ಅದಕ್ಕೇ ಫಂಕ್ಷನ್ ಎನ್ನುತ್ತವೆ. ಸುಳ್ಳಲ್ಲ. ಆದರೆ ಅದು ಎರಡನೇ ಕಾರಣ ಎಂದು ನನ್ನ ಅನಿಸಿಕೆ. ಒಂದೇ ಒಂದು ಸಲ ಬಳಸುವ ಲೆಕ್ಕಕ್ಕೂ ಫಂಕ್ಷನ್ ಬರೆಯುವವರಿದ್ದಾರೆ, ಸರಿಯಾಗಿಯೇ ಬರೆಯುತ್ತಾರೆ. ಮರುಬಳಕೆಗಿಂತ ದೊಡ್ಡ ಲಾಭ ಮರೆಯಲು ಸಿಗುವ ಅವಕಾಶ. ಒಳಗಿನ ಕೆಲಸವನ್ನು ಒಮ್ಮೆ ಸರಿಯಾಗಿ ಬರೆದು ಹೆಸರಿಟ್ಟರೆ, ಆಮೇಲೆ ಹೆಸರು ಮಾತ್ರ ನೆನಪಿದ್ದರೆ ಸಾಕು.

ಲೆಕ್ಕವನ್ನೇ ನೋಡೋಣ. ನೂರು ಕಿಲೋ ಹಸಿ ಅಡಿಕೆಗೆ ಹನ್ನೆರಡೂವರೆ ಕಿಲೋ ಒಣ ಅಡಿಕೆ ಎಂದು ಮಾತಾಗಿದೆ ಎಂದಿಟ್ಟುಕೊಳ್ಳಿ. ಸಿಪ್ಪೆ ಹೋಗಿ ನೀರು ಆರಿದ ಮೇಲೆ ಉಳಿಯುವುದೇ ಅಷ್ಟು. ಹಾಗಾದರೆ 1700 ಕಿಲೋಗೆ ಎಷ್ಟು? ಹೈಸ್ಕೂಲು ಮುಗಿಸಿದ ಯಾರಾದರೂ ಕಾಗದವಿಲ್ಲದೆ ಹೇಳುತ್ತಾರೆ, 212.5 ಕಿಲೋ. ಪೈಥಾನ್ ಭಾಷೆಯಲ್ಲಿ ಇದನ್ನು ಬರೆಯುವುದು ಹೀಗೆ:

ಡೆಫ್ ತ್ರೈರಾಶಿಕ(ಪ್ರಮಾಣ, ಫಲ, ಇಚ್ಛೆ):
    ರಿಟರ್ನ್ ಫಲ * ಇಚ್ಛೆ / ಪ್ರಮಾಣ

ಡೆಫ್, ರಿಟರ್ನ್, ಮುಂದೆ ಬರುವ ಇಫ್ ಎಂಬ ಪದಗಳನ್ನು ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರಕ್ಕೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಉಳಿದ ಹೆಸರುಗಳು, ಅಂದರೆ ತ್ರೈರಾಶಿಕ, ಪ್ರಮಾಣ, ಫಲ, ಇಚ್ಛೆ, ಕನ್ನಡದಲ್ಲೇ ಇದ್ದರೂ ಪೈಥಾನ್ ಒಪ್ಪುತ್ತದೆ.

ಆ ಹೆಸರುಗಳು ನಾನು ಕಟ್ಟಿದವಲ್ಲ. ಆರ್ಯಭಟ ಕ್ರಿ.ಶ. 499ರಲ್ಲಿ ರಚಿಸಿದ 'ಆರ್ಯಭಟೀಯ'ದಲ್ಲೇ ಈ ನಿಯಮ ಇದೆ: ಫಲವನ್ನು ಇಚ್ಛೆಯಿಂದ ಗುಣಿಸು, ಪ್ರಮಾಣದಿಂದ ಭಾಗಿಸು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ದಲ್ಲಿ ಇದನ್ನು ಕನ್ನಡಕ್ಕೆ ತಂದ. ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗನೆಂದು ಹೆಸರಾದವನು ಅವನು. ಗೊತ್ತಿರುವ ಅಳತೆ ಪ್ರಮಾಣ, ಅದಕ್ಕೆ ಸಿಕ್ಕ ಉತ್ಪತ್ತಿ ಫಲ, ನಮಗೆ ಬೇಕಾದ ಅಳತೆ ಇಚ್ಛೆ. ಮೂರನ್ನು ಕೊಟ್ಟರೆ ನಾಲ್ಕನೆಯದು ಬರುತ್ತದೆ. ಕೊಡುವವರು ಅಡಿಕೆಯನ್ನಾದರೂ ಕೊಡಲಿ, ಭತ್ತವನ್ನಾದರೂ ಕೊಡಲಿ, ನಿಯಮಕ್ಕೆ ಅದರ ಗೊಡವೆಯಿಲ್ಲ. ಈ ಮೂರು ಖಾಲಿ ಜಾಗಗಳನ್ನು ಇಂದಿನ ಪ್ರೋಗ್ರಾಮರ್‌ಗಳು ಪ್ಯಾರಾಮೀಟರ್ ಎನ್ನುತ್ತಾರೆ. ಅವುಗಳಲ್ಲಿ ತುಂಬುವ 100, 12.5, 1700 ಆರ್ಗ್ಯುಮೆಂಟ್‌ಗಳು. ಪರೀಕ್ಷೆಯಲ್ಲಿ ಈ ಎರಡರ ವ್ಯತ್ಯಾಸಕ್ಕೆ ಎರಡು ಅಂಕ ಸಿಗುತ್ತದೆ. ಕೆಲಸದಲ್ಲಿ ಎರಡನ್ನೂ ಅದಲುಬದಲು ಮಾಡಿ ಮಾತಾಡುವವರೇ ಹೆಚ್ಚು.

ಹಳೆಯ ಗಣಿತಜ್ಞರು ಇನ್ನೊಂದು ಎಚ್ಚರವನ್ನೂ ಹೇಳಿದ್ದರು. ಪ್ರಮಾಣ ಮತ್ತು ಇಚ್ಛೆ ಒಂದೇ ಜಾತಿಯವು, ಅವನ್ನು ಎರಡು ತುದಿಗಳಲ್ಲಿ ಇಡಬೇಕು; ಫಲ ಬೇರೆ ಜಾತಿಯದು, ಅದು ನಡುವೆ ಬರಬೇಕು. ಜಾಗ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಪೈಥಾನ್‌ನಲ್ಲೂ ಇದೇ ಕಟ್ಟಳೆ. ತ್ರೈರಾಶಿಕ(100, 12.5, 1700) ಎಂದರೆ 212.5 ಬರುತ್ತದೆ. ತುದಿಗಳೆರಡನ್ನು ಅದಲುಬದಲು ಮಾಡಿ ತ್ರೈರಾಶಿಕ(1700, 12.5, 100) ಎಂದರೆ ಮುಕ್ಕಾಲು ಕಿಲೋಗೂ ಕಡಿಮೆ ಬರುತ್ತದೆ. ಹದಿನೇಳು ಕ್ವಿಂಟಲ್ ಅಡಿಕೆಗೆ ಮುಕ್ಕಾಲು ಕಿಲೋ ಎಂದರೆ ಚನ್ನಗಿರಿ ಮಂಡಿಯಲ್ಲಿ ಯಾರಾದರೂ ನಗುತ್ತಾರೆ. ಯಂತ್ರ ನಗುವುದಿಲ್ಲ, ಕೆಂಪಕ್ಷರದಲ್ಲಿ ಬೈಯುವುದೂ ಇಲ್ಲ. ಆರ್ಗ್ಯುಮೆಂಟ್‌ಗಳ ಎಣಿಕೆ ತಪ್ಪಿದರೆ ಅದು ಹೇಳುತ್ತದೆ, ಸರದಿ ತಪ್ಪಿದರೆ ಸುಮ್ಮನಿರುತ್ತದೆ. ಆದ್ದರಿಂದ ಮೂರ್ನಾಲ್ಕು ಅಂಕಿಗಳು ಹೋಗುವ ಕಡೆ ತ್ರೈರಾಶಿಕ(ಪ್ರಮಾಣ=100, ಫಲ=12.5, ಇಚ್ಛೆ=1700) ಎಂದು ಹೆಸರು ಹಿಡಿದು ಕೊಡುವುದು ಲೇಸು. ಆಗ ಯಾವ ಸರದಿಯಲ್ಲಿ ಬರೆದರೂ ನಡೆಯುತ್ತದೆ.

ಮೊದಲ ಎಡವು ಇದಕ್ಕೂ ಮುಂಚೆಯೇ ಆಗುತ್ತದೆ. ಡೆಫ್ ಬರೆದು, ಒಳಗಿನ ಸಾಲುಗಳನ್ನು ಬರೆದು, ರನ್ ಒತ್ತಿ, ಪರದೆ ಖಾಲಿ ಇರುವುದನ್ನು ನೋಡುತ್ತ ಕೂರುವುದು. ಫಂಕ್ಷನ್ ಬರೆಯುವುದೆಂದರೆ ಮಾತುಕತೆ ಮುಗಿಸಿದಂತೆ ಅಷ್ಟೇ. ಖೇಣಿಯ ಮಾತಾಗಿ ಮುಂಗಡ ಕೈ ಬದಲಾದ ದಿನ ಒಂದು ಗೊನೆಯೂ ಕೆಳಗಿಳಿದಿರುವುದಿಲ್ಲ. ಹೆಸರು ಹಿಡಿದು, ಮುಂದೆ ಕಂಸ ಹಾಕಿ ಕರೆದಾಗಲೇ ಕೆಲಸ ಆರಂಭ. ಒತ್ತಿದೊಡನೆ ಉತ್ತರ ತೋರಿಸುವ ಶೆಲ್ ಕಿಟಕಿಯಲ್ಲಿ ಕಂಸ ಮರೆತು 'ತ್ರೈರಾಶಿಕ' ಎಂದಷ್ಟೇ ಬರೆದರೆ ಪೈಥಾನ್ ಲೆಕ್ಕ ಮಾಡುವುದಿಲ್ಲ, ಇಂಥ ಹೆಸರಿನ ಫಂಕ್ಷನ್ ಮೆಮೊರಿಯ ಇಂಥ ವಿಳಾಸದಲ್ಲಿದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಇದು ಎರಡು ದಿನದಲ್ಲಿ ರೂಢಿಯಾಗುವ ಸಂಗತಿ.

ರೂಢಿಯಾಗದ್ದು ಇನ್ನೊಂದಿದೆ. ಈ ಲೇಖನದ ಮುಖ್ಯ ಮಾತೇ ಅದು: ಪ್ರಿಂಟ್ ಮತ್ತು ರಿಟರ್ನ್‌ನ ಗೊಂದಲ.

ಮೇಲಿನ ಫಂಕ್ಷನ್ನಿನಲ್ಲಿ ರಿಟರ್ನ್ ಇದ್ದ ಕಡೆ ಪ್ರಿಂಟ್ ಹಾಕಿ ನೋಡಿ. ಪರದೆಯ ಮೇಲೆ 212.5 ಎಂದೇ ಬರುತ್ತದೆ. ಕಲಿಯುವವರು ಖುಷಿಯಾಗುತ್ತಾರೆ. ಉತ್ತರ ಬಂತಲ್ಲ, ಎರಡಕ್ಕೂ ಏನು ವ್ಯತ್ಯಾಸ? ಮರುದಿನ ಕೆಳಗಿನ ತೋಟದ್ದನ್ನೂ ಮೇಲಿನ ತೋಟದ್ದನ್ನೂ ಕೂಡಿಸಬೇಕಾಗುತ್ತದೆ. ತ್ರೈರಾಶಿಕ(100, 12.5, 1700) + ತ್ರೈರಾಶಿಕ(100, 12.5, 900) ಎಂದು ಬರೆಯುತ್ತಾರೆ. ಪರದೆಯ ಮೇಲೆ 212.5 ಬರುತ್ತದೆ, 112.5 ಬರುತ್ತದೆ, ಅದರ ಕೆಳಗೆ ಟೈಪ್‌ಎರರ್ ಬರುತ್ತದೆ. 'ನನ್' ಮತ್ತು 'ನನ್' ಎಂಬ ಎರಡನ್ನು ಕೂಡಿಸಲಾಗದು ಎಂಬುದು ಅದರ ದೂರು. ಎರಡು ಅಂಕಿಗಳೂ ಕಣ್ಣೆದುರೇ ಇವೆ. ಕೂಡಿಸಲು ಆಗುವುದಿಲ್ಲ ಎನ್ನುತ್ತದೆ ಯಂತ್ರ. ಇದಕ್ಕಿಂತ ಸಿಟ್ಟು ಬರಿಸುವ ಮಾತಿಲ್ಲ.

ಖೇಣಿದಾರ ಫೋನ್ ಮಾಡಿ, "ಗೌಡ್ರೇ, ನಿಮ್ದು ಎರಡು ಕ್ವಿಂಟಲ್ ಹನ್ನೆರಡೂವರೆ ಕೆಜಿ ಆಯ್ತು ನೋಡ್ರಿ" ಎಂದು ಹೇಳುವುದು ಪ್ರಿಂಟ್. ಮೂಟೆಗಳನ್ನು ತಂದು ಗೌಡರ ಜಗಲಿಗೆ ಇಳಿಸುವುದು ರಿಟರ್ನ್. ಫೋನಿನಲ್ಲಿ ಕೇಳಿದ ತೂಕವನ್ನು ಗೌಡರು ಮಂಡಿಗೆ ಒಯ್ಯಲಾರರು. ಪ್ರಿಂಟ್ ಎಂಬುದು ಮನುಷ್ಯರ ಕಣ್ಣಿಗೆ ಹೇಳುವ ಸುದ್ದಿ. ಪ್ರೋಗ್ರಾಮಿನ ಉಳಿದ ಭಾಗಕ್ಕೆ ಅದು ಕೇಳಿಸುವುದೇ ಇಲ್ಲ. ರಿಟರ್ನ್ ಎಂಬುದು ಕರೆದವರ ಕೈಗೆ ಕೊಡುವ ಮಾಲು. ರಿಟರ್ನ್ ಬರೆಯದೆ ಮುಗಿದ ಫಂಕ್ಷನ್ ಪೈಥಾನ್‌ನಲ್ಲಿ ಬರಿಗೈಯಲ್ಲಿ ವಾಪಸಾಗುವುದಿಲ್ಲ, 'ನನ್' ಎಂಬ ಒಂದು ಚೀಟಿ ಹಿಡಿದು ಬರುತ್ತದೆ. ಏನೂ ಇಲ್ಲ ಎಂಬುದಕ್ಕೆ ಆ ಭಾಷೆ ಇಟ್ಟುಕೊಂಡ ಗುರುತು ಅದು. ಮೇಲಿನ ಎರಡು ಕರೆಗಳಿಂದಲೂ ಬಂದದ್ದು ಅಂಥ ಚೀಟಿಗಳೇ. ಅವೆರಡನ್ನು ಕೂಡಿಸು ಎಂದರೆ ಅದಾದರೂ ಏನು ಮಾಡೀತು?

ಈ ಗೊಂದಲ ನಮ್ಮ ರಾಜ್ಯದಲ್ಲಿ ಈಚೆಗೆ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಪಿಯು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಹುಕಾಲ ಸಿ++ ಕಲಿಸುತ್ತಿದ್ದರು. ಆ ಭಾಷೆಯಲ್ಲಿ ಫಂಕ್ಷನ್ನಿನ ಹೆಸರಿಗೂ ಮುಂಚೆಯೇ ಅದು ಎಂಥ ಮಾಲು ಕೊಡುತ್ತದೆ ಎಂದು ಬರೆಯಬೇಕು. ಏನೂ ಕೊಡದಿದ್ದರೆ 'ವಾಯ್ಡ್' ಎಂದು ಮೊದಲೇ ಒಪ್ಪಿಕೊಳ್ಳಬೇಕು. ವಾಯ್ಡ್ ಫಂಕ್ಷನ್ನಿನ ಫಲವನ್ನು ಕೂಡಿಸಲು ಹೋದರೆ ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ. ಈಗ ಎನ್‌ಸಿಇಆರ್‌ಟಿ ಪುಸ್ತಕದ ದಾರಿಯಲ್ಲಿ ಪೈಥಾನ್ ಬಂದಿದೆ. ಪೈಥಾನ್ ಬರೆಯಲು ಸಲೀಸು, ಸೆಮಿಕೋಲನ್‌ಗಳ ಕಾಟವಿಲ್ಲ. ಆದರೆ ಆ ಮೊದಲ ಒಪ್ಪಿಗೆಯ ಸಾಲೂ ಅದರೊಂದಿಗೆ ಹೋಯಿತು. ಕೊಡುತ್ತೇನೋ ಇಲ್ಲವೋ ಎಂಬುದು ಫಂಕ್ಷನ್ನಿನ ಹೊಟ್ಟೆಯೊಳಗೆ ಹುದುಗಿ ಕೂತಿದೆ. ಅದೇ ಪುಸ್ತಕ ಫಂಕ್ಷನ್ ಅಧ್ಯಾಯವನ್ನು ಡೇರೆ ಮಾರುವ ಕಂಪನಿಯ ಲೆಕ್ಕದಿಂದ ಆರಂಭಿಸುತ್ತದೆ. ಕೆಳಗೆ ಸಿಲಿಂಡರ್, ಮೇಲೆ ಶಂಕು, ಕ್ಯಾನ್ವಾಸ್ ಬಟ್ಟೆ ಎಷ್ಟು ಬೇಕು ಎಂಬ ಪ್ರಶ್ನೆ. ಒಳ್ಳೆಯ ಉದಾಹರಣೆಯೇ. ಸೂಳೆಕೆರೆ ನೀರು, ಭದ್ರಾ ನಾಲೆ, ಅಡಿಕೆ ದರ ಇವುಗಳ ನಡುವೆ ಬೆಳೆದ ಹುಡುಗಿಗೆ ಶಂಕುವಿನ ಓರೆ ಎತ್ತರದ ಸೂತ್ರವನ್ನು ನೆನಪಿಸಿಕೊಳ್ಳುವುದರಲ್ಲೇ ಅರ್ಧ ಪೀರಿಯಡ್ ಮುಗಿಯುತ್ತದೆ ಎಂಬುದೊಂದೇ ತಕರಾರು.

ರಿಟರ್ನ್ ಯಾಕೆ ಬೇಕೇಬೇಕು ಎಂಬುದಕ್ಕೆ ಉತ್ತರವನ್ನು ನಮ್ಮ ಗಣಿತಜ್ಞರೇ ಇಟ್ಟುಹೋಗಿದ್ದಾರೆ. ತ್ರೈರಾಶಿಕದ ಮುಂದೆ ಪಂಚರಾಶಿಕ, ಸಪ್ತರಾಶಿಕ ಎಂದು ನಿಯಮಗಳು ಬೆಳೆಯುತ್ತವೆ. ರಾಜಾದಿತ್ಯನಲ್ಲೂ ಅವು ಇವೆ. ಏಳನೇ ಶತಮಾನದಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಒಂದನೇ ಭಾಸ್ಕರ, ಪಂಚರಾಶಿಕ ಎಂದರೆ ಬೇರೇನಲ್ಲ, ಎರಡು ತ್ರೈರಾಶಿಕಗಳು ಸೇರಿದ್ದು ಎಂದು ಬಿಡಿಸಿ ತೋರಿಸಿದ. ಬಡ್ಡಿ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ 5000 ರೂಪಾಯಿಗೆ 6 ತಿಂಗಳಿಗೆ ಎಷ್ಟು?

ಡೆಫ್ ಬಡ್ಡಿ(ಅಸಲು, ತಿಂಗಳು, ನೂರಕ್ಕೆ):
    ತಿಂಗಳ_ಬಡ್ಡಿ = ತ್ರೈರಾಶಿಕ(100, ನೂರಕ್ಕೆ, ಅಸಲು)
    ರಿಟರ್ನ್ ತ್ರೈರಾಶಿಕ(1, ತಿಂಗಳ_ಬಡ್ಡಿ, ತಿಂಗಳು)

ಬಡ್ಡಿ(5000, 6, 2) ಎಂದು ಕರೆಯಿರಿ. ಮೊದಲ ತ್ರೈರಾಶಿಕ ನೂರಕ್ಕೆ ಎರಡಾದರೆ ಐದು ಸಾವಿರಕ್ಕೆ ತಿಂಗಳಿಗೆ ನೂರು ಎಂದು ಕೊಡುತ್ತದೆ. ಆ ನೂರನ್ನು ಎರಡನೆಯ ತ್ರೈರಾಶಿಕ ಹಿಡಿದು ಆರು ತಿಂಗಳಿಗೆ ಆರುನೂರು ಎಂದು ಕೊಡುತ್ತದೆ. ಮೊದಲನೆಯದು ನೂರು ಎಂದು ಪರದೆಗೆ ಕೂಗಿ ಸುಮ್ಮನಾಗಿದ್ದರೆ ಎರಡನೆಯದಕ್ಕೆ ಸಿಗುತ್ತಿದ್ದುದು 'ನನ್' ಚೀಟಿ. ಒಂದರ ಮೇಲೊಂದು ಕಟ್ಟಲು ಬರುವುದು ಕೈಗೆ ಕೊಡುವ ಫಂಕ್ಷನ್‌ಗಳನ್ನು ಮಾತ್ರ. ಬ್ಯಾಂಕಿನ ಸಾಫ್ಟ್‌ವೇರ್ ಆಗಲಿ, ರೈಲು ಟಿಕೆಟ್ ಕೊಡುವ ವ್ಯವಸ್ಥೆಯಾಗಲಿ, ಒಳಗೆ ಇರುವುದು ಹೀಗೆ ಒಂದರ ಫಲವನ್ನು ಇನ್ನೊಂದು ಹಿಡಿಯುವ ಸಾವಿರಾರು ಸಣ್ಣ ಫಂಕ್ಷನ್‌ಗಳು. ಅದಕ್ಕೇ ನನ್ನದೊಂದು ಕಟ್ಟುನಿಟ್ಟು: ಲೆಕ್ಕ ಮಾಡುವ ಫಂಕ್ಷನ್ನಿನೊಳಗೆ ಪ್ರಿಂಟ್ ಇರಕೂಡದು. ತೋರಿಸುವ ಕೆಲಸ ಬೇಕಿದ್ದರೆ ಅದಕ್ಕೆ ಬೇರೆ ಫಂಕ್ಷನ್ ಬರೆಯಿರಿ. ತಪ್ಪು ಹುಡುಕುವಾಗ ಒಳಗೆ ತಾತ್ಕಾಲಿಕವಾಗಿ ಒಂದು ಪ್ರಿಂಟ್ ಹಾಕಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಮುಗಿದ ಮೇಲೆ ಅಳಿಸಿ.

ಈಗ ಯಂತ್ರದ ಕಡೆಯಿಂದ ನೋಡಬೇಕು. ಸಾಲು ಸಾಲಾಗಿ ಓದುತ್ತ ಹೋಗುವ ಯಂತ್ರ ಫಂಕ್ಷನ್ ಕರೆ ಸಿಕ್ಕಿದೊಡನೆ ಎಲ್ಲೋ ಮೇಲೆ ಬರೆದಿಟ್ಟ ಸಾಲುಗಳಿಗೆ ಹಾರುತ್ತದೆ. ಹಾರುವುದು ಸುಲಭ. ಮುಗಿದ ಮೇಲೆ ಎಲ್ಲಿಗೆ ಮರಳಬೇಕು? ಒಂದೇ ಫಂಕ್ಷನ್ನನ್ನು ಹತ್ತು ಕಡೆಯಿಂದ ಕರೆದಿರಬಹುದು. ಆದ್ದರಿಂದ ಮರಳುವ ಜಾಗವನ್ನು ಫಂಕ್ಷನ್ನಿನೊಳಗೆ ಶಾಶ್ವತವಾಗಿ ಬರೆದಿಡಲು ಬರುವುದಿಲ್ಲ. 1949ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಎಂಬ ಕಂಪ್ಯೂಟರ್ ಕೆಲಸ ಆರಂಭಿಸಿದಾಗ ಇದು ನಿಜವಾದ ತಲೆನೋವಾಗಿತ್ತು. ಅದರ ಮುಖ್ಯಸ್ಥ ಮಾರಿಸ್ ವಿಲ್ಕ್ಸ್. ಅದೇ ವರ್ಷ ಮೆಟ್ಟಿಲು ಹತ್ತುವಾಗ, ತನ್ನ ಉಳಿದ ಆಯುಷ್ಯದ ದೊಡ್ಡ ಪಾಲು ತಾನೇ ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂದು ಥಟ್ಟನೆ ಹೊಳೆಯಿತೆಂದು ಆತ ಮುಂದೆ ನೆನಪಿಸಿಕೊಂಡಿದ್ದಾನೆ. ತಪ್ಪು ಕಡಿಮೆಯಾಗಬೇಕಾದರೆ ಒಮ್ಮೆ ಸರಿಮಾಡಿದ ತುಣುಕನ್ನು ಎಲ್ಲರೂ ಬಳಸುವಂತಿರಬೇಕು. ಅವನ ವಿದ್ಯಾರ್ಥಿ ಡೇವಿಡ್ ವ್ಹೀಲರ್ ದಾರಿ ಕಂಡುಕೊಂಡ. ಹಾರುವ ಮುನ್ನ ಮುಖ್ಯ ಪ್ರೋಗ್ರಾಮ್ ತಾನಿದ್ದ ಜಾಗದ ಗುರುತನ್ನು ಅಕ್ಯುಮುಲೇಟರ್ ಎಂಬ ಲೆಕ್ಕದ ಪೆಟ್ಟಿಗೆಯಲ್ಲಿ ಬಿಟ್ಟು ಹಾರುತ್ತದೆ. ಅತ್ತ ತಲುಪಿದ ತುಣುಕು ಆ ಗುರುತಿನಿಂದ 'ಇಂಥಲ್ಲಿಗೆ ಮರಳು' ಎಂಬ ಆದೇಶವನ್ನು ತಾನೇ ತಯಾರಿಸಿ ತನ್ನ ಕೊನೆಯ ಸಾಲಿನಲ್ಲಿ ನೆಡುತ್ತದೆ. ಕೆಲಸ ಮುಗಿದಾಗ ಆ ಸಾಲು ಓದಿ ಸೀದಾ ಮನೆಗೆ. ಅಂಥ ಸಿದ್ಧ ತುಣುಕುಗಳನ್ನು ಕಾಗದದ ಟೇಪಿನಲ್ಲಿ ರಂಧ್ರ ಹೊಡೆದು ಬೀರುವಿನಲ್ಲಿ ಜೋಡಿಸಿಡುತ್ತಿದ್ದರು. ಅವಕ್ಕೆ ಸಬ್‌ರೂಟೀನ್ ಎಂದು ಹೆಸರು. ವಿಲ್ಕ್ಸ್, ವ್ಹೀಲರ್, ಸ್ಟ್ಯಾನ್ಲಿ ಗಿಲ್ ಮೂವರೂ ಸೇರಿ 1951ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಇಂದು ಪೈಥಾನ್‌ನಲ್ಲಿ 'ಇಂಪೋರ್ಟ್' ಎಂದು ಒಂದು ಪದ ಬರೆದು ಬೇರೆಯವರ ಫಂಕ್ಷನ್ ತರಿಸಿಕೊಳ್ಳುವವರು ಆ ಟೇಪಿನ ಬೀರುವಿಗೇ ಕೈ ಹಾಕುತ್ತಿರುವುದು.

ವ್ಹೀಲರನ ಉಪಾಯಕ್ಕೆ ಒಂದು ಮಿತಿ ಇತ್ತು. ಮರಳುವ ವಿಳಾಸ ಇಡಲು ಒಂದೇ ಜಾಗ. ಫಂಕ್ಷನ್ ತನ್ನನ್ನು ತಾನೇ ಕರೆದರೆ? ಎರಡನೇ ವಿಳಾಸ ಮೊದಲನೆಯದನ್ನು ಅಳಿಸಿಬಿಡುತ್ತದೆ. ತನ್ನನ್ನು ತಾನೇ ಕರೆಯುವುದು ಎಂದೊಡನೆ ಹೊಸಬರಿಗೆ ತಲೆ ಸುತ್ತುತ್ತದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದರ ಒಂದು ಲೆಕ್ಕ ಛಂದಸ್ಸಿನ ಪಾಠದಲ್ಲೇ ಸಿಕ್ಕಿರುತ್ತದೆ, ಯಾರೂ ಹೀಗೆಂದು ಹೇಳಿರುವುದಿಲ್ಲ ಅಷ್ಟೇ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣವನ್ನು ಲಘು-ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ನಾಲ್ಕೂ ಲಘು, ಒಂದು ಗುರು ಮೊದಲಲ್ಲಿ, ನಡುವಲ್ಲಿ ಅಥವಾ ಕೊನೆಯಲ್ಲಿ, ಎರಡೂ ಗುರು. ಒಟ್ಟು ಐದು. ಎಣಿಸದೆ ಹೇಳುವ ಬಗೆಯೊಂದಿದೆ. ಗಣದ ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಮೂರು ಮಾತ್ರೆ ಉಳಿಯುತ್ತದೆ, ಗುರುವಾದರೆ ಎರಡು. ಆದ್ದರಿಂದ ನಾಲ್ಕರ ಉತ್ತರ ಮೂರರ ಉತ್ತರ ಮತ್ತು ಎರಡರ ಉತ್ತರದ ಮೊತ್ತ.

ಡೆಫ್ ಮಾತ್ರೆ(ಎಷ್ಟು):
    ಇಫ್ ಎಷ್ಟು <= 1:
        ರಿಟರ್ನ್ 1
    ರಿಟರ್ನ್ ಮಾತ್ರೆ(ಎಷ್ಟು - 1) + ಮಾತ್ರೆ(ಎಷ್ಟು - 2)

ವಿರಹಾಂಕ, ಹೇಮಚಂದ್ರ ಮುಂತಾದ ಛಂದಶ್ಶಾಸ್ತ್ರಜ್ಞರು ಈ ಸಂಖ್ಯಾಸರಣಿಯನ್ನು ಬರೆದಿಟ್ಟದ್ದು ಇಟಲಿಯ ಫಿಬೊನಾಚಿ 1202ರಲ್ಲಿ ತನ್ನ ಪುಸ್ತಕ ಬರೆಯುವುದಕ್ಕಿಂತ ಮುಂಚೆ. ಜಗತ್ತು ಇಟಲಿಯವನ ಹೆಸರಲ್ಲೇ ಕರೆಯುತ್ತದೆ, ಇರಲಿ. ಗಮನಿಸಬೇಕಾದದ್ದು ಮಧ್ಯದ 'ಇಫ್' ಸಾಲನ್ನು. ಒಂದಕ್ಕೋ ಸೊನ್ನೆಗೋ ಇಳಿದಾಗ ಇನ್ನು ಕರೆಯಬೇಡ, ಉತ್ತರ ಒಂದೇ ಎಂದು ಅದು ತಡೆಯುತ್ತದೆ. ಆ ಸಾಲು ಮರೆತರೆ ಫಂಕ್ಷನ್ ತನ್ನನ್ನು ಕರೆಯುತ್ತಲೇ ಹೋಗುತ್ತದೆ. ಸಾವಿರ ಮಟ್ಟದ ಆಳಕ್ಕೆ ಇಳಿದ ಮೇಲೆ ಪೈಥಾನ್ ತಾನೇ ಸಾಕು ಎಂದು ನಿಲ್ಲಿಸುತ್ತದೆ. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಮಾತ್ರೆ(30) ಎಂದು ಒಂದು ಸಲ ಕರೆದರೆ ಒಳಗೊಳಗೆ ನಡೆಯುವ ಕರೆಗಳು ಒಟ್ಟು 26,92,537. ಅದೇ ಸಣ್ಣ ಪ್ರಶ್ನೆಗಳಿಗೆ ಅದೇ ಉತ್ತರವನ್ನು ಹೊಸದಾಗಿ ಹುಡುಕುತ್ತ ಸಮಯ ಹಾಳು. ಬರೆದದ್ದು ಸರಿ ಇರುವುದು ಬೇರೆ, ಚುರುಕಾಗಿರುವುದು ಬೇರೆ.

ಮರಳುವ ವಿಳಾಸಗಳ ಸಮಸ್ಯೆಗೆ ಪರಿಹಾರ ಅವನ್ನು ಒಂದರ ಮೇಲೊಂದು ಪೇರಿಸಿಡುವುದು. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವುದು. ಅಲನ್ ಟ್ಯೂರಿಂಗ್ 1945ರ ಹೊತ್ತಿಗೇ ತನ್ನ ಕಂಪ್ಯೂಟರ್ ಯೋಜನೆಯ ವರದಿಯಲ್ಲಿ ಇದನ್ನು ಬರೆದಿದ್ದ. ವಿಳಾಸವನ್ನು ಹೂಳುವುದು, ಮತ್ತೆ ಅಗೆದು ತೆಗೆಯುವುದು ಎಂಬುದು ಅವನ ಮಾತು. ಇಂದು ಅದನ್ನು ಸ್ಟ್ಯಾಕ್ ಎನ್ನುತ್ತಾರೆ. ದೋಷ ಬಂದಾಗ ಪೈಥಾನ್ ಉದ್ದಕ್ಕೆ ಮುದ್ರಿಸುವ ಪಟ್ಟಿ ಇದೆಯಲ್ಲ, ಹೊಸಬರು ನೋಡಿದೊಡನೆ ಮುಚ್ಚಿಬಿಡುವಂಥದ್ದು, ಅದು ಈ ಪೇರಿಕೆಯೇ. ಯಾರು ಯಾರನ್ನು ಕರೆದರು ಎಂದು ಅದರಲ್ಲಿ ಇರುತ್ತದೆ. ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು.

ಪ್ರತಿ ಕರೆಗೂ ಆ ಪೇರಿಕೆಯಲ್ಲಿ ವಿಳಾಸದ ಜತೆಗೆ ಸ್ವಂತದ್ದೊಂದು ಜಾಗ ಸಿಗುತ್ತದೆ. ಫಂಕ್ಷನ್ನಿನೊಳಗೆ ಹುಟ್ಟಿದ ಹೆಸರುಗಳು ಅಲ್ಲೇ ಇದ್ದು ಅಲ್ಲೇ ಅಳಿಯುತ್ತವೆ. ಮೇಲಿನ 'ಬಡ್ಡಿ' ಮುಗಿದ ಮೇಲೆ ಹೊರಗಿನಿಂದ 'ತಿಂಗಳ_ಬಡ್ಡಿ' ಎಷ್ಟು ಎಂದು ಕೇಳಿದರೆ ಅಂಥ ಹೆಸರೇ ಇಲ್ಲ ಎಂಬ ಉತ್ತರ ಬರುತ್ತದೆ. ಖೇಣಿದಾರನ ಹಂಡೆಯನ್ನು ಯಜಮಾನ ತನ್ನ ಹಿತ್ತಿಲಲ್ಲಿ ಹುಡುಕಿದರೆ ಸಿಗುವುದುಂಟೆ? ಇದು ಕಿರಿಕಿರಿ ಎನಿಸಬಹುದು, ಆದರೆ ಇದೇ ಕಾವಲು. ನಿಮ್ಮ ಫಂಕ್ಷನ್ನಿನ 'ಮೊತ್ತ'ವೂ ನನ್ನ ಫಂಕ್ಷನ್ನಿನ 'ಮೊತ್ತ'ವೂ ಒಂದಕ್ಕೊಂದು ತಾಗದೆ ಇರುವುದು ಈ ಗೋಡೆಯಿಂದ.

ಗೋಡೆಗೆ ಒಂದು ಕಿಂಡಿಯಿದೆ. ಅದನ್ನು ಹೊಸಬರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಅಂಕಿ ಕೊಟ್ಟರೆ ಫಂಕ್ಷನ್ ಅದನ್ನು ಕೆಡಿಸಲಾರದು. ಪಟ್ಟಿ ಕೊಟ್ಟರೆ ಕೆಡಿಸಬಹುದು. ದಿನದಿನದ ತೂಕವನ್ನು ಸರದಿಯಲ್ಲಿ ಬರೆದ ಪಟ್ಟಿಯೊಂದಿದೆ ಎಂದುಕೊಳ್ಳಿ: ಸೋಮವಾರ 420, ಮಂಗಳವಾರ 610, ಬುಧವಾರ 380. ಅತಿ ಹೆಚ್ಚು ತೂಕ ಯಾವುದು ಎಂದು ಹೇಳುವ ಫಂಕ್ಷನ್ನಿಗೆ ಈ ಪಟ್ಟಿ ಕೊಡುತ್ತೀರಿ. ಅದನ್ನು ಬರೆದವರು ಪಟ್ಟಿಯನ್ನು 'ಸಾರ್ಟ್' ಮಾಡಿ, ಕೊನೆಯ ಅಂಕಿ ಎತ್ತಿ, 610 ಎಂದು ರಿಟರ್ನ್ ಮಾಡುತ್ತಾರೆ. ಉತ್ತರ ಸರಿ. ಆದರೆ ವಾಪಸ್ ಬಂದು ನೋಡಿದರೆ ನಿಮ್ಮ ಪಟ್ಟಿ 380, 420, 610 ಆಗಿದೆ. ಸೋಮವಾರದ ತೂಕ 380 ಎಂದು ಓದುತ್ತೀರಿ. ಲೆಕ್ಕದ ಪುಸ್ತಕವನ್ನು ನೋಡಿ ಕೊಡು ಎಂದು ಕೊಟ್ಟರೆ ಹಾಳೆಗಳನ್ನೇ ಹಿಂದುಮುಂದು ಹೊಲಿದು ತಂದಂತೆ ಇದು. ಪೈಥಾನ್ ಪಟ್ಟಿಯ ನಕಲನ್ನು ಒಳಗೆ ಕಳಿಸುವುದಿಲ್ಲ, ಆ ಪಟ್ಟಿಯನ್ನೇ ಕಳಿಸುತ್ತದೆ. 'ಸಾರ್ಟ್' ಬದಲು 'ಸಾರ್ಟೆಡ್' ಬಳಸಿದರೆ ಹೊಸ ಪಟ್ಟಿ ಹುಟ್ಟುತ್ತದೆ, ಹಳೆಯದು ಇದ್ದಂತೆ ಇರುತ್ತದೆ. ಉತ್ತರ ಸರಿ ಬಂದದ್ದರಿಂದ ಇಂಥ ತಪ್ಪು ವಾರಗಟ್ಟಲೆ ಗೊತ್ತಾಗುವುದಿಲ್ಲ. ಕೇಳಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡುವ ಫಂಕ್ಷನ್ ಕೆಲಸ ಮಾಡದ ಫಂಕ್ಷನ್ನಿಗಿಂತ ಅಪಾಯಕಾರಿ ಎಂದೇ ನನಗನಿಸುತ್ತದೆ.

ಕನ್ನಡದಲ್ಲೇ ಪ್ರೋಗ್ರಾಮ್ ಕಲಿಸುವ ಪ್ರಯತ್ನ ಹೊಸದಲ್ಲ. 1967ರಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್‌ಜೈಗ್ ಮಕ್ಕಳಿಗಾಗಿ ಲೋಗೋ ಭಾಷೆ ರೂಪಿಸಿದರು. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿ ಚಿತ್ರ ಬರೆಸುವ ಭಾಷೆ ಅದು. ಡಾ. ಯು.ಬಿ. ಪವನಜ ಅದನ್ನು ಕನ್ನಡಕ್ಕೆ ತಂದರು. 'ಕನ್ನಡ ಲೋಗೋ'ಗೆ 2006ರಲ್ಲಿ ಮಂಥನ್ ಪ್ರಶಸ್ತಿಯೂ ಬಂತು. ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ತಿರುವು, ಇದನ್ನು ನಾಲ್ಕು ಸಲ ಮಾಡುವುದಕ್ಕೆ 'ಚೌಕ' ಎಂದು ಹೆಸರಿಟ್ಟರೆ ಆಮೆ ಒಂದು ಹೊಸ ಪದ ಕಲಿತಂತೆ. ಫಂಕ್ಷನ್ ಎಂದರೆ ಯಂತ್ರಕ್ಕೆ ಹೊಸ ಪದ ಕಲಿಸುವುದು ಎಂಬ ತಿಳಿವಳಿಕೆ ಮಗುವಿಗೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗದು. ಆದರೆ ಆಮೆ ಗೆರೆ ಎಳೆಯುತ್ತದೆ, ಕೈಗೆ ಏನನ್ನೂ ಕೊಡುವುದಿಲ್ಲ. ಲೋಗೋದಲ್ಲಿ ಕೊಡಿಸಬೇಕೆಂದರೆ ಅದಕ್ಕೆ ಬೇರೆಯೇ ಆದೇಶವಿದೆ, ಮಕ್ಕಳು ಅಲ್ಲಿಯವರೆಗೆ ಹೋಗುವುದು ಕಡಿಮೆ. ಚಿತ್ರ ಬರೆಸಿ ಕಲಿತವರೂ ಪೈಥಾನ್‌ಗೆ ಬಂದಾಗ ಪ್ರಿಂಟ್ ಕಡೆಗೇ ವಾಲುವುದರಲ್ಲಿ ವಿಶೇಷವಿಲ್ಲ.

ಕನ್ನಡ ಹೆಸರುಗಳ ವಿಷಯಕ್ಕೆ ಒಂದು ಎಚ್ಚರ. 2008ರ ಕೊನೆಗೆ ಬಂದ ಪೈಥಾನ್ 3ರಿಂದ ಕನ್ನಡದಲ್ಲಿ ಹೆಸರಿಡಬಹುದು. ಕಲಿಯುವ ದಿನಗಳಲ್ಲಿ ಧಾರಾಳವಾಗಿ ಇಡಿ ಎನ್ನುವವನು ನಾನು. ಹೊರಗಿನವರೊಡನೆ ಕೆಲಸ ಮಾಡುವಾಗ ಇಂಗ್ಲಿಷ್ ಹೆಸರಿಗೆ ಹೋದರಾಯಿತು. ಆದರೆ 'ಬಿಲ್‌ಮೊತ್ತ' ಎಂದು ಹೆಸರಿಟ್ಟರೆ ದೋಷ ಬರುತ್ತದೆ, ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲಕಾರದ ಮುಂದಿನ ಅಕ್ಷರ ಒತ್ತಾಗಿ ಇಳಿಯದಿರಲೆಂದು ನಾವು ಒತ್ತುವ ಕಾಣದ ಗುರುತೊಂದು ಅಲ್ಲಿದೆ. ಪೈಥಾನ್‌ನ ಹೆಸರುಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. 'ರ‍್ಯಾಂಕ್' ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದಂತೆ ತಡೆಯುವ ಗುರುತಿಗೂ ಅದೇ ಗತಿ. ಬಿಲ್_ಮೊತ್ತ ಎಂದು ಅಡಿಗೆರೆ ಹಾಕಿ ದಾಟಿಕೊಳ್ಳಿ.

ಓದಿ ಮುಗಿಸಿ ಕೂರುವುದಕ್ಕಿಂತ ಒಂದು ಫಂಕ್ಷನ್ ಬರೆದು ನೋಡಿ. ರಾಜಾದಿತ್ಯನಲ್ಲಿ ವ್ಯಸ್ತ ತ್ರೈರಾಶಿಕವೂ ಇದೆ. ಇಚ್ಛೆ ಹೆಚ್ಚಿದಷ್ಟೂ ಫಲ ಇಳಿಯುವ ಲೆಕ್ಕ ಅದು. ಪ್ರಮಾಣವನ್ನು ಫಲದಿಂದ ಗುಣಿಸಿ ಇಚ್ಛೆಯಿಂದ ಭಾಗಿಸಬೇಕು. ಆರು ಜನ ಸುಲಿದರೆ ಹತ್ತು ದಿನ ಹಿಡಿಯುವ ಅಡಿಕೆಯನ್ನು ಹದಿನೈದು ಜನ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಶೆಲ್ ಕಿಟಕಿಯಲ್ಲಿ ವ್ಯಸ್ತ(6, 10, 15) ಎಂದು ಕರೆದರೆ ಪರದೆಯ ಮೇಲೆ 4.0 ಬರಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ. ಒಬ್ಬರಿಗೆ ದಿನಕ್ಕೆ 700 ರೂಪಾಯಿ ಕೂಲಿ ಎಂದಿಟ್ಟುಕೊಂಡು ಮುಂದಿನ ಸಾಲಿನಲ್ಲಿ ವ್ಯಸ್ತ(6, 10, 15) * 15 * 700 ಎಂದು ಬರೆದು ಒತ್ತಿ. 42000.0 ಬಂದರೆ ನೀವು ಬರೆದದ್ದು ರಿಟರ್ನ್. 4.0 ಬಂದು ಅದರ ಕೆಳಗೆ ಟೈಪ್‌ಎರರ್ ಬಂದರೆ, ಪ್ರಿಂಟ್.